ಗೂಡಿನ ತಟ್ಟೆ

ಎಸರು ಮರಳುತ್ತಿತ್ತು. ಚಿಕ್ಕಬೋರಮ್ಮ ರಾಗಿಹಿಟ್ಟು ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಉಕ್ಕಿ ಬೇಯಲು ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನೂರ ಇಪ್ಪತ್ತು ಹುಡುಗಿಯರ ಮುದ್ದೆ. ತಪ್ಪಲೆಗೆ ನಲವತ್ತು, ಮೂರು ತಪ್ಪಲೆ. ಬೆಂದ ಮೇಲೆ ತಪ್ಪಲೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದರ ಕಂಠ ಹಿಡಿಸಿ, ಆ ಕವೆಯ ಎರಡು ತುದಿಯ ಮೇಲೆ ಎರಡು ಪಾದ ಊರಿ ನಿಂತಳು. ಇನ್ನು ಹಿಟ್ಟಿನ ಕೋಲಿನಿಂದ ತಿರುವಿ ತೊಳಸಬೇಕು. ಒಂದೊಂದು ಸುತ್ತಿಗೂ ಹೆಗಲಿನಿಂದ ಸೊಂಟದವರೆಗೆ ಒಂದು ನರ ಹಗ್ಗದ ಹಾಗೆ ಬಿಗಿಯುತ್ತದೆ. ಆವಿ ಮುಖಕ್ಕೆ ಹೊಡೆಯುತ್ತದೆ. ಒಂದು ಗಂಟು ಉಳಿದರೂ ಬೈಗುಳ.

"ಬಾಗ್ಲು ಮುಂದುಕ್ ಮಾಡು ಬೋರಮ್ಮ. ಯಾರೋ ಮಕ್ಕಳ ಅಪ್ಪದೀರು ಬಂದವ್ರೆ," ಅಂದ ಧರ್ಮೇಂದ್ರ.

"ಕಾಲು ಎರಡೂ ಕೋಲ್ ಮ್ಯಾಲವೆ. ನೀನೇ ಮಾಡ್ಕೊ."

ಅವನು ಬಾಗಿಲು ಹಾಕಿದ.

ಧರ್ಮೇಂದ್ರ ಈ ಕಾಲೇಜು ಹಾಸ್ಟೆಲಿನ ಅಡುಗೆಯವನು. ಒಂಬತ್ತು ವರ್ಷದ ಹಿಂದೆ ಬೈಕಿನಿಂದ ಬಿದ್ದು ಅವನ ಬಲಹೆಗಲು ಜಾರಿತ್ತು. ಅವತ್ತಿನಿಂದ ಹಿಟ್ಟಿನ ಕೋಲು ಚಿಕ್ಕಬೋರಮ್ಮನ ಕೈಗೆ ಬಂತು. ಅದಕ್ಕೂ ಮೊದಲು ಐದು ವರ್ಷ ಅವಳು ಹಿತ್ತಲ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತಿದ್ದಳು. ರಿಜಿಸ್ಟರಿನಲ್ಲಿ ಇವತ್ತಿಗೂ ಅವಳು ಪಾತ್ರೆ ಉಜ್ಜುವವಳೇ. ಚಿನಕುರಳಿಯ ಕೇರಿಯ ಹೆಂಗಸು ಹಿಟ್ಟು ತೊಳಸುತ್ತಾಳೆ ಅಂತ ಗೊತ್ತಾದರೆ ಎಷ್ಟು ಅಪ್ಪಂದಿರು ಮಕ್ಕಳ ಟ್ರಂಕು ಎತ್ತಿಕೊಂಡು ಹೋಗುತ್ತಾರೋ. ಅದಕ್ಕೇ ವಾರ್ಡನ್ ಅಲಮೇಲು ಅಮ್ಮಾವರು ಒಂದು ಏರ್ಪಾಟು ಮಾಡಿದ್ದರು. ಬಾಗಿಲು ಹಾಕಿಕೊಂಡು ಇವಳು ತೊಳಸಬೇಕು. ಹಲಗೆಗೆ ಸುರಿದ ಮೇಲೆ ಕೈಗೆ ನೀರು ಮುಟ್ಟಿಕೊಂಡು ಉಂಡೆ ಕಟ್ಟುವುದು ಧರ್ಮೇಂದ್ರ. ಊಟದ ಹಾಲಿಗೆ ಹೊತ್ತುಕೊಂಡು ಹೋಗುವುದೂ ಅವನೇ.

ಹುಡುಗಿಯರು ಅದನ್ನು ಧರ್ಮೇಂದ್ರಣ್ಣನ ಮುದ್ದೆ ಅನ್ನುತ್ತಿದ್ದರು. ಪ್ರಿನ್ಸಿಪಾಲರು ದೊರೆಸ್ವಾಮಿ ಹೊರಗಿನವರು ಬಂದಾಗೆಲ್ಲ ಅವರನ್ನು ಹಾಲಿನಲ್ಲಿ ಊಟಕ್ಕೆ ಕೂರಿಸಿ, ತಾವೂ ಜೊತೆಗೆ ಕೂತು, "ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆವರೆಗೆ ಹುಡುಕಿ, ಇಂಥ ಮುದ್ದೆ ಸಿಕ್ಕಲ್ಲ. ಧರ್ಮೇಂದ್ರನ ಕೈಗುಣ," ಅನ್ನುತ್ತಿದ್ದರು. ಬಾಗಿಲ ಈಚೆ ನಿಂತವಳಿಗೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ಒಂಬತ್ತು ವರ್ಷದಿಂದ ಕೇಳಿಸುತ್ತಿತ್ತು. ಕೇಳಿದಾಗೆಲ್ಲ ಅವಳ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಅವಳ ಊಟ ಎಲ್ಲರದೂ ಆದ ಮೇಲೆ. ಹಿತ್ತಲ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಅಂಚು ಬಗ್ಗಿದ ಒಂದು ತಟ್ಟೆ, ಒಂದು ಲೋಟ. ತಾನೇ ತೊಳಸಿದ ಹಿಟ್ಟು ಧರ್ಮೇಂದ್ರನ ಕೈಯಿಂದ ಆ ತಟ್ಟೆಗೆ ಮೇಲಿನಿಂದ ಬೀಳುತ್ತಿತ್ತು. ತಟ್ಟೆಗೆ ಅವನ ಕೈ ತಗುಲುತ್ತಿರಲಿಲ್ಲ.

ಆವತ್ತು ಮೂರನೇ ತಪ್ಪಲೆ ಉಜ್ಜುತ್ತಿದ್ದಾಗ ತನುಶ್ರೀ ಅನ್ನುವ ಹುಡುಗಿ ಹಿತ್ತಲಿಗೆ ಬಂದಳು. ಕೈಯಲ್ಲಿ ಫೋನು.

"ಅಜ್ಜಿ, ನಿನ್ ತಟ್ಟೆ ಫೇಮಸ್ಸಾಗೋಯ್ತು ನೋಡು."

ಚಿಕ್ಕಬೋರಮ್ಮ ಕೈಯಿಂದ ಸಬೀನ ಒರೆಸಿಕೊಂಡು ಬಗ್ಗಿ ನೋಡಿದಳು. ಅದೇ ಗೋಡೆ. ಅದೇ ಗೂಡು. ಅದೇ ಬಗ್ಗಿದ ಅಂಚು. ಅದರ ಮುಂದೆ ಒಂದು ಮುಖ. ಕಡೇ ವರ್ಷದ ಅರ್ಪಿತ, ನಾಗಮಂಗಲದ ಕಡೆ ದೇವಲಾಪುರದವಳು, ತನುಶ್ರೀಯ ರೂಮಿನವಳು. ನೆಟ್ಟಗೆ ನೋಡುತ್ತಾ ಮಾತಾಡುತ್ತಿದ್ದಳು. "ಈ ತಟ್ಟೆ ನಮ್ಮ ಹಾಸ್ಟೆಲಲ್ಲಿ ಪಾತ್ರೆ ತೊಳೆಯೋ ಪಾಪದ ಅಜ್ಜಿದು. ನಾವು ಉಂಡಿದ್ದನ್ನ ಅವರು ತೊಳೀಬೇಕು. ಅವರು ಉಣ್ಣೋ ತಟ್ಟೆ ಮಾತ್ರ ಒಳಗೆ ಬರೋ ಹಾಗಿಲ್ಲ. ನಾವು ಇಲ್ಲಿ ಸಮಾನತೆ ಅಂತ ಹತ್ತು ಮಾರ್ಕಿಗೆ ಉತ್ತರ ಬರೀತೀವಿ."

ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಯಿತು. ಈ ತಟ್ಟೆ, ಪಾಪದ ಅಜ್ಜಿ.

"ಏಟು ಜನ ನೋಡವ್ರವ್ವ ಇದ?"

"ಎಂಬತ್ತು ಸಾವ್ರ ದಾಟ್ತು. ಎರಡೇ ದಿನ್ಕೆ."

"ನನ್ನ ಹೆಸ್ರು ಯೋಳವ್ಳಾ?"

ತನುಶ್ರೀ ಫೋನು ನೋಡಿದಳು, ಅಜ್ಜಿಯನ್ನು ನೋಡಿದಳು. "ಹೆಸ್ರು ಹೇಳಿಲ್ಲ."

"ಕೆಳಗೆ ಉದ್ದುಕ್ಕೆ ಬರ್ದವ್ರಲ್ಲ, ಅದೇನು?"

"ಎಲ್ಲ ಅರ್ಪಿತನ ಹೊಗಳವ್ರೆ. ಧೈರ್ಯವಂತೆ, ಹುಲಿ, ನಮ್ಮ ಜಿಲ್ಲೆ ಹೆಮ್ಮೆ ಅಂತ."

ಚಿಕ್ಕಬೋರಮ್ಮ ಮತ್ತೆ ನಾರು ಎತ್ತಿಕೊಂಡಳು. ಉಜ್ಜಿದಳು. ಉಜ್ಜಿದ ತಪ್ಪಲೆಯನ್ನೇ ಮತ್ತೊಂದು ಸಲ ಉಜ್ಜಿದಳು. ಹದಿನಾಕು ವರ್ಷ ಆ ತಟ್ಟೆಯಲ್ಲಿ ಉಂಡವಳು ನಾನು. ಮಳೆ ಬಂದರೆ ಗೂಡಿನಲ್ಲೇ ಅದಕ್ಕೆ ನೀರು ತುಂಬುತ್ತಿತ್ತು. ಇರುವೆ ಮುತ್ತುತ್ತಿತ್ತು. ಒಂದು ಸಲ ನಾಯಿ ನೆಕ್ಕಿತ್ತು, ಬೂದಿ ಹಾಕಿ ತೊಳೆದು ಉಂಡಿದ್ದೆ. ಇವಳು ಅದರ ಮುಂದೆ ಒಂದು ನಿಮಿಷ ನಿಂತು ಹುಲಿಯಾದಳು. ನಾನು ಪಾಪದ ಅಜ್ಜಿ. ಹಿಟ್ಟು ನಂದು, ಹೆಸರು ಧರ್ಮೇಂದ್ರಂದು. ತಟ್ಟೆ ನಂದು, ಹೆಸರು ಇವಳದು.

ಒಳ್ಳೆಯದನ್ನೇ ಮಾಡಿದಳಲ್ಲ ಅಂತ ಒಂದು ಕಡೆ ಮನಸ್ಸು ಅನ್ನುತ್ತಿತ್ತು. ಹೊಟ್ಟೆ ಒಪ್ಪಲಿಲ್ಲ. ಯಾಕೆಂದರೆ ಅವಳ ಮನೆಯ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯಲ್ಲಿ, ಇದೇ ತಟ್ಟೆಯ ಬಗ್ಗೆ ಒಂದು ಕಾಗದ ಇತ್ತು. ಅವಳದೇ ಕೈಬರಹ.

ಆರು ವರ್ಷದ ಹಿಂದೆ ಕೇರಿಯ ಸಮುದಾಯ ಭವನದಲ್ಲಿ ದೊಡ್ಡವರಿಗೆ ಪಾಠ ನಡೆಯುತ್ತಿತ್ತು. ಕೆಲಸ ಮುಗಿಸಿ ಬಂದವರಿಗೆ ಸಿದ್ದರಾಜು ಮೇಷ್ಟ್ರು ಅಕ್ಷರ ಕಲಿಸುತ್ತಿದ್ದರು. ಐವತ್ತೈದನೇ ವಯಸ್ಸಿನಲ್ಲಿ ಚಿಕ್ಕಬೋರಮ್ಮ ಸ್ಲೇಟು ಹಿಡಿದಳು. ಕಡೇ ಪಾಠ, ಅರ್ಜಿ ಬರೆಯುವುದು. ನಿಮಗೆ ಏನು ಬೇಕೋ ಅದನ್ನೇ ಬರೀರಿ ಅಂದರು ಮೇಷ್ಟ್ರು. ಎಲ್ಲರೂ ರೇಷನ್ ಕಾರ್ಡು, ಬೀದಿ ದೀಪ ಅಂತ ಬರೆದರು. ಇವಳು ತಟ್ಟೆ ಅಂತ ಬರೆದಳು. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದು 'ಬೇಡುತ್ತೇನೆ' ಅಂತ ಇದ್ದುದನ್ನು ಹೊಡೆದು ಹಾಕಿ 'ಕೇಳುತ್ತೇನೆ' ಅಂತ ಮಾಡಿದರು. ಕೆಳಗೆ ತಾರೀಖು ಹಾಕಿ ತಮ್ಮ ಸೈನು ಮಾಡಿ, "ಇದನ್ನ ಪೋಸ್ಟ್ ಮಾಡಮ್ಮ," ಅಂದರು.

ಮಾಡಲಿಲ್ಲ. ಮೊದಲು ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ. ಆಮೇಲೆ ಇನ್ನೊಂದು ಆಸೆ ಸೇರಿಕೊಂಡಿತು. ತಾನು ಬರೆದದ್ದು ಅಂತ ಅವಳ ಹತ್ತಿರ ಇದ್ದುದು ಅದೊಂದೇ. ಕೊಟ್ಟುಬಿಟ್ಟರೆ ತನ್ನ ಹತ್ತಿರ ಇನ್ನೇನಿರುತ್ತದೆ? ಹಬ್ಬ ಹುಣ್ಣಿಮೆಗೆ ಟ್ರಂಕು ತೆಗೆದಾಗ ಬಿಚ್ಚಿ ಓದಿ ಮಡಿಚಿಡುತ್ತಿದ್ದಳು. ಆರು ವರ್ಷ ತನ್ನ ಬಾಯಿಂದ ಹೊರಡದ್ದು ಆ ಹುಡುಗಿಯ ಬಾಯಿಂದ ಒಂದು ನಿಮಿಷಕ್ಕೆ ಹೊರಟಿತು. ಅದನ್ನು ಹೇಗೆ ಸಹಿಸುವುದು?

ಮೂರನೇ ದಿನ ಆಫೀಸಿಗೆ ಕರೆ ಬಂತು. ಗುಮಾಸ್ತ ವಿನಯ್ ಮೇಜಿನ ಮೇಲೆ ಟೈಪು ಮಾಡಿದ ಕಾಗದ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅಲಮೇಲು ಅಮ್ಮಾವರು.

"ನೋಡು ಬೋರಮ್ಮ, ಆ ಹುಡುಗಿ ನಿನ್ನ ಮಾನ ತೆಗೆದಳು. ನಿನ್ನ ಎಂಜಲು ತಟ್ಟೆ ಊರಿಗೆಲ್ಲ ತೋರಿಸಿದಳು. ನಿನ್ನ ಒಂದು ಮಾತು ಕೇಳಿದಳಾ?" ಅಂದರು ಅಮ್ಮಾವರು.

"ಇಲ್ರವ್ವ. ಕೇಳ್ನಿಲ್ಲ."

"ಅದನ್ನೇ ಇದರಲ್ಲಿ ಬರೆದಿದೆ. ಒಂದು ಸೈನು ಹಾಕು."

ವಿನಯ್ ಇಂಕಿನ ಪ್ಯಾಡು ಮುಂದಕ್ಕೆ ತಳ್ಳಿದ. ಚಿಕ್ಕಬೋರಮ್ಮ ಅದನ್ನು ಒಂದು ಬೆರಳಿನಿಂದ ವಾಪಸ್ಸು ತಳ್ಳಿದಳು.

"ನಂಗೆ ಸೈನು ಬತ್ತದೆ ಕಣಪ್ಪ."

"ಓ, ಬರ್ತದಾ? ಓದ್ಕೊಂಡೇ ಹಾಕಮ್ಮ ಮತ್ತೆ," ಅಂತ ಅವನು ನಕ್ಕ.

ಅವಳಿಗೆ ಓದಲೂ ಬರುತ್ತಿತ್ತು. ಆದರೆ ಅಕ್ಷರದ ಕೆಳಗೆ ಬೆರಳು ಇಟ್ಟುಕೊಂಡು, ತುಟಿ ಅಲ್ಲಾಡಿಸಿಕೊಂಡು ಓದಬೇಕು. ಒಂದು ಸಾಲಿಗೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯುತ್ತದೆ. ಈ ಇಬ್ಬರ ಮುಂದೆ ಬೆರಳು ಇಟ್ಟರೆ ಇನ್ನೂ ನಗುತ್ತಾರೆ. ಅದಕ್ಕೇ ಬ್ಯಾಂಕಿನವರು ಮಾಡುವ ಹಾಗೆ ಮೇಲಿಂದ ಕೆಳಕ್ಕೆ ಕಣ್ಣಾಡಿಸಿ, ತಲೆ ಆಡಿಸಿ, ಪೆನ್ನು ತೆಗೆದುಕೊಂಡು, ಚಿಕ್ಕಬೋರಮ್ಮ ಅಂತ ಪೂರ್ತಿ ಬರೆದಳು. ಮ-ಗೆ ಮ ಒತ್ತು ಕೊಟ್ಟು ಬಾಲ ಎಳೆದಳು.

ಬರೆಯುವಾಗ ಹೊಟ್ಟೆಯೊಳಗಿನ ಉರಿಗೆ ಒಂದಿಷ್ಟು ತಣ್ಣೀರು ಬಿದ್ದ ಹಾಗಿತ್ತು. ಅದು ನಿಜ. ಅದನ್ನು ಆಮೇಲೆ ಅವಳು ತನಗೆ ತಾನೇ ಒಪ್ಪಿಕೊಂಡಳು. ಓದಲಿಲ್ಲ ಅನ್ನುವುದು ಒಂದು. ಓದುವ ಮನಸ್ಸೂ ಇರಲಿಲ್ಲ ಅನ್ನುವುದು ಇನ್ನೊಂದು.

ಮಾರನೇ ದಿನ ಎಂದಿನಂತೆ ಕಾಲೇಜಿನ ಮೊಗಸಾಲೆ ಗುಡಿಸುತ್ತಾ ಬಂದವಳು ನೋಟೀಸ್ ಬೋರ್ಡಿನ ಮುಂದೆ ನಿಂತಳು. ಹುಡುಗಿಯರೆಲ್ಲ ಕ್ಲಾಸಿನಲ್ಲಿ. ಗಾಜಿನ ಹಿಂದೆ ಎರಡು ಕಾಗದ. ಒಂದರ ಕೆಳಗೆ ತನ್ನದೇ ಸೈನು, ಎಳೆದ ಬಾಲ ಸಮೇತ. ಆಚೆ ಈಚೆ ನೋಡಿ ಪೊರಕೆ ಕಂಕುಳಿಗೆ ಸಿಕ್ಕಿಸಿಕೊಂಡು ಗಾಜಿನ ಮೇಲೆ ಬೆರಳಿಟ್ಟಳು.

ಸದರಿ ತಟ್ಟೆಯನ್ನು ನಾನೇ ನನ್ನ ಸ್ವಂತ ಇಷ್ಟದಿಂದ ಹೊರಗೆ ಇಟ್ಟುಕೊಂಡಿರುತ್ತೇನೆ.

ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಹೋಯಿತು. ಸ್ವಂತ ಇಷ್ಟದಿಂದ.

ಒಳಗೆ ಊಟ ಮಾಡಲು ಹಲವು ಬಾರಿ ಕರೆದರೂ ನಾನೇ ನಿರಾಕರಿಸಿರುತ್ತೇನೆ. ವಿದ್ಯಾರ್ಥಿನಿಯು ಹೇಳಿರುವುದೆಲ್ಲ ಸುಳ್ಳು.

ಇನ್ನೊಂದು ಕಾಗದ ಅರ್ಪಿತಳ ಹೆಸರಿಗೆ. ವಿಶ್ವವಿದ್ಯಾನಿಲಯದ ನಡತೆ ಸಂಹಿತೆಯ ಹನ್ನೊಂದನೇ ಕಲಮಿನ ಪ್ರಕಾರ ಸಾಮಾಜಿಕ ಜಾಲತಾಣದಲ್ಲಿ ಸಂಸ್ಥೆಯ ಘನತೆಗೆ ಕುಂದು ತಂದಿದ್ದಾಳೆ. ಶುಕ್ರವಾರ ಶಿಸ್ತು ಸಮಿತಿ. ಅಲ್ಲಿಯವರೆಗೆ ಪರೀಕ್ಷೆಯ ಹಾಲ್ ಟಿಕೆಟ್ ತಡೆಹಿಡಿಯಲಾಗಿದೆ. ಪರೀಕ್ಷೆ ಅದರ ಮುಂದಿನ ಶುಕ್ರವಾರ.

ಚಿಕ್ಕಬೋರಮ್ಮ ಎರಡನ್ನೂ ಓದಿ ಮುಗಿಸುವಷ್ಟರಲ್ಲಿ ಬೆಲ್ಲು ಹೊಡೆಯಿತು. ಗಾಜಿನ ಮೇಲೆ ಅವಳ ಬೆರಳಿನ ಗುರುತು ಸಾಲುಸಾಲಾಗಿ ಉಳಿದಿತ್ತು. ಸೆರಗಿನಿಂದ ಒರೆಸಿದಳು.

ಮಧ್ಯಾಹ್ನ ಅರ್ಪಿತ ಹಿತ್ತಲಿಗೆ ಬಂದಳು. ಕಣ್ಣು ಊದಿತ್ತು. ಪಾತ್ರೆ ಉಜ್ಜುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಯಾಕಜ್ಜಿ ಅಂಗ್ ಸೈನ್ ಹಾಕ್ದೆ? ನಾನು ನಿನಗೋಸ್ಕರ ತಾನೇ ಮಾಡಿದ್ದು."

"ನನಗೋಸ್ಕರ ಮಾಡೋಳು ನನ್ನ ಕೇಳ್ಬೇಕಿತ್ತು ಕಣವ್ವ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಅನ್ನೋದೂ ನಂದೇ ಅಲ್ವಾ? ಮೂರು ವರ್ಸ ಉಂಡಿದ್ದೀಯ ನಾನು ಉಜ್ಜಿದ ತಟ್ಟೇಲಿ. ನನ್ನ ಹೆಸ್ರೇನು ಯೋಳು ಕೂಸೆ."

ಹುಡುಗಿ ತಲೆ ತಗ್ಗಿಸಿದಳು. "ಚಿಕ್ಕಬೋರಮ್ಮ. ಇವತ್ತು ನೋಟೀಸ್ ಬೋರ್ಡಲ್ಲಿ ನೋಡ್ದೆ."

ನಲ್ಲಿ ತೊಟ್ಟಿಕ್ಕುತ್ತಿತ್ತು.

"ದೇವಲಾಪುರದಲ್ಲಿ ನಿಮ್ಮನೆಗೆ ಬತ್ತೀನಿ ಅಂತ ಇಟ್ಕೊ," ಅಂದಳು ಚಿಕ್ಕಬೋರಮ್ಮ. "ನಿಮ್ಮವ್ವ ನನ್ನ ಎಲ್ಲಿ ಕುಂಡ್ರುಸ್ತಾಳೆ?"

ಅರ್ಪಿತ ನಲ್ಲಿಯನ್ನೇ ನೋಡುತ್ತಿದ್ದಳು. "ಕೊಟ್ಟಿಗೆ ಜಗ್ಲಿ ಮೇಲೆ."

"ಲೋಟ?"

"ಕೊಟ್ಟಿಗೇಲೇ ಒಂದು ಇಟ್ಟವ್ರೆ. ಹಾಲು ಕರೆಯಕೆ ಬರೋ ಆಳ್ಗೆ."

"ಅದ್ನೂ ಫೋನಲ್ಲಿ ತೋರ್ಸಿದ್ದೀಯಾ?"

"ಇಲ್ಲ."

ಹುಡುಗಿ ಅಳುತ್ತಾಳೆ ಅಂದುಕೊಂಡಳು. ಅಳಲಿಲ್ಲ. ಅದಕ್ಕೂ ಚಿಕ್ಕಬೋರಮ್ಮನಿಗೆ ಹೊಟ್ಟೆಕಿಚ್ಚಾಯಿತು. ನಿಜ ಹೇಳಿ ಸುಮ್ಮನೆ ಕೂರುವುದು ಈ ವಯಸ್ಸಿಗೇ ಹೇಗೆ ಬರುತ್ತದೆ ಇವಳಿಗೆ?

"ಅಜ್ಜಿ, ಓದ್ದೆ ಸೈನ್ ಹಾಕ್ದಾ?"

"ಊಂ."

"ನಾನೂ ಅಷ್ಟೇ. ಅಡ್ಮಿಶನ್ ದಿನ ಹದಿನೆಂಟು ಪುಟದ ಮುಚ್ಚಳಿಕೆ ಕೊಟ್ರು. ಅಪ್ಪ ಹಿಂದೆ ನಿಂತ್ಕೊಂಡು ಬಸ್ಸು ಹೋಯ್ತದೆ, ಹಾಕು ಹಾಕು ಅಂತಿದ್ರು. ಪುಟಪುಟಕ್ಕೂ ಸೈನ್ ಹಾಕ್ಬುಟ್ಟೆ. ಕಾಲೇಜಿನ ಬಗ್ಗೆ ಫೋನಲ್ಲಿ ಏನೂ ಹಾಕಲ್ಲ ಅಂತ ಅದರಲ್ಲಿತ್ತಂತೆ. ರೂಮಲ್ಲಿ ಕೂತು ಆಡಿದ್ರೆ ಮಾತು, ಫೋನಲ್ಲಿ ಆಡಿದ್ರೆ ಅಪರಾಧವಂತೆ."

ಚಿಕ್ಕಬೋರಮ್ಮನಿಗೆ ನಗು ಬಂತು. ತಡೆಯಲು ಆಗಲಿಲ್ಲ. ಕಾಲೇಜು ಓದಿದವಳೂ ಓದದೆ ಹಾಕುತ್ತಾಳೆ. ಆ ನಗುವಿನಲ್ಲಿ ಹೊಟ್ಟೆಯ ಉರಿ ಒಂದು ಕಡೆ ಕರಗಿತು. ಪೂರ್ತಿ ಕರಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಸಮಿತಿ ಕೂತಿತು. ಪ್ರಿನ್ಸಿಪಾಲರ ಕೋಣೆ. ಉದ್ದನೆ ಮೇಜು. ನಡುವೆ ದೊರೆಸ್ವಾಮಿ, ಪಕ್ಕದಲ್ಲಿ ಅಲಮೇಲು, ಇನ್ನಿಬ್ಬರು ಮೇಷ್ಟ್ರುಗಳು, ಬರೆದುಕೊಳ್ಳಲು ವಿನಯ್. ಈ ಕಡೆ ಅರ್ಪಿತ ನಿಂತಿದ್ದಳು. ಅವಳ ಅಪ್ಪ ನಿಂಗರಾಜು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬೈಕಿನಲ್ಲಿ ಬಂದವರನ್ನು ಪ್ರಿನ್ಸಿಪಾಲರೇ ಹಾಸ್ಟೆಲಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮುದ್ದೆ ಬಸ್ಸಾರು ಉಣ್ಣಿಸಿದ್ದರು. ಚಿಕ್ಕಬೋರಮ್ಮನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು, ಕರೆದಾಗ ಬಾ ಅಂತ.

"ಅಭಿಪ್ರಾಯ ಹೇಳಬೇಡ ಅಂತ ಯಾರೂ ಅಂದಿಲ್ಲಮ್ಮ," ದೊರೆಸ್ವಾಮಿ ಮೆತ್ತಗೆ ಹೇಳುತ್ತಿದ್ದರು. "ಅದಕ್ಕೆ ದೂರು ಪೆಟ್ಟಿಗೆ ಇದೆ. ಅದರಲ್ಲಿ ಹಾಕಬಹುದಿತ್ತು. ಬೀದಿಗೆ ತಂದದ್ದು ತಪ್ಪು. ವಿಡಿಯೋ ಅಳಿಸು. ನಾನು ಹೇಳಿದ್ದು ಸುಳ್ಳು ಅಂತ ಇನ್ನೊಂದು ಹಾಕು. ಈಗಲೇ ಹಾಲ್ ಟಿಕೆಟ್ ಕೊಡಿಸ್ತೀನಿ."

"ಹಾಕ್ತಾಳೆ ಸಾ, ಹಾಕ್ತಾಳೆ," ಅಂದರು ನಿಂಗರಾಜು. "ಮಗಾ, ಹೂಂ ಅನ್ನು. ನಮಗ್ಯಾಕ್ ಬೇಕು ಅವರಿವರ ತಟ್ಟೆ ಲೋಟದ ವಿಸ್ಯ?"

"ಅಳಿಸ್ತೀನಿ ಸಾರ್," ಅಂದಳು ಅರ್ಪಿತ. "ಆ ಅಜ್ಜಿ ಹೆಸರು ಹೇಳದೆ, ಕೇಳದೆ ಮಾಡಿದ್ದು ತಪ್ಪು, ಅದನ್ನ ಹೇಳ್ತೀನಿ. ಸುಳ್ಳು ಅಂತ ಹೇಳಲ್ಲ. ಸುಳ್ಳಲ್ಲ ಅದು."

ಹೊರಗೆ ನಿಂತವಳಿಗೆ ಆ 'ಹೇಳಲ್ಲ' ಅನ್ನುವುದು ಕಿವಿಗೆ ಕಾದ ಕಡ್ಡಿ ಇಟ್ಟ ಹಾಗೆ ಆಯಿತು. ಎಷ್ಟು ಸಲೀಸು. ಒಂದು ಪರೀಕ್ಷೆ ಹೋಗುತ್ತದೆ, ಒಂದು ವರ್ಷ ಹೋಗುತ್ತದೆ, ಆದರೂ ಎಷ್ಟು ಸಲೀಸು. ಅರವತ್ತೊಂದು ವರ್ಷದಲ್ಲಿ ತನ್ನ ಬಾಯಿಂದ ಅದು ಒಂದು ಸಲವೂ ಬಂದಿರಲಿಲ್ಲ. ಕಲ್ಲಿನ ಕ್ವಾರಿಯಲ್ಲಿ ಜಲ್ಲಿ ಹೊಡೆಯುವಾಗ ಬರಲಿಲ್ಲ. ತಟ್ಟೆಯನ್ನು ಮೊದಲ ದಿನ ಗೂಡಿಗೆ ಇಡು ಅಂದಾಗ ಬರಲಿಲ್ಲ. ಈ ಹುಡುಗಿಗೆ ಕೊಟ್ಟ ಬಾಯಿಯನ್ನು ನನಗೆ ಯಾಕೆ ಕೊಡಲಿಲ್ಲ?

"ಬೋರಮ್ಮ, ಒಳಗೆ ಬಾ," ಅಂದ ವಿನಯ್.

ಹೊಸಲಿನಿಂದ ಒಂದು ಹೆಜ್ಜೆ ಒಳಗೆ ನಿಂತಳು.

"ಭಯ ಪಡಬೇಡ," ಅಂದರು ದೊರೆಸ್ವಾಮಿ. "ಈ ಕಾಗದದಲ್ಲಿ ಇರುವುದು ನೀನು ಹೇಳಿದ್ದು ತಾನೇ? ಹೌದು ಅನ್ನು, ಹೋಗು."

ಅವಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಅಲ್ಲ ಸ್ವಾಮಿ."

"ಏನು?"

"ಅಲ್ಲ ಅಂದೆ. ತಟ್ಟೆ ನಾನು ಆಚೆಗೆ ಇಟ್ಟಿದ್ದಲ್ಲ. ಅಮ್ಮಾವ್ರು ಇಡ್ಸಿದ್ದು. ಒಳಕ್ಕೆ ಬಾ ಅಂತ ಯಾವತ್ತೂ ಯಾರೂ ಕರೀನಿಲ್ಲ. ಕಾಗ್ದ ಓದ್ದೆ ಸೈನು ಹಾಕ್ದೆ, ಅದು ನನ್ನ ತಪ್ಪು. ಇನ್ನ ಆ ದೂರಿನ ಪೆಟ್ಗೆ. ದಿನಾ ಅದ್ರ ಧೂಳು ಹೊಡೆಯೋಳು ನಾನು. ಬೀಗದ ಕೈ ಕಳ್ದು ನಾಕು ವರ್ಸ ಆಯ್ತು. ಒಳಗೆ ಹಲ್ಲಿ ಮೊಟ್ಟೆ ಇಟ್ಟೈತೆ."

ಮೇಷ್ಟ್ರುಗಳಲ್ಲಿ ಒಬ್ಬರು ಕೆಮ್ಮಿ ನಗು ನುಂಗಿದರು. ಅಲಮೇಲು ಮುಖ ಕೆಂಪಾಯಿತು. "ಪಾತ್ರೆ ತೊಳೆಯೋಳಿಗೆ ಇಷ್ಟು ಬಾಯಿ."

"ಪಾತ್ರೆ ಒಂದೇ ತೊಳೆಯಲ್ಲ ಅಮ್ಮಾವ್ರೆ. ಅದ್ನೂ ಯೋಳ್ಬುಡಿ. ಒಂಬತ್ತು ವರ್ಸದಿಂದ ಈ ಹಾಸ್ಟೆಲ್ಲಿನ ಹಿಟ್ಟು ತೊಳಸ್ತಿರೋಳು ನಾನು. ಧರ್ಮೇಂದ್ರ ಉಂಡೆ ಕಟ್ತಾನೆ, ಅಷ್ಟೇ. ಶ್ರೀರಂಗಪಟ್ಟಣದಿಂದ ಕೇರ್‌ಪೇಟೆಗಂಟ ಸಿಕ್ಕಲ್ಲ ಅಂತೀರಲ್ಲ ಸ್ವಾಮಿ, ಅದು ಈ ಕೈ. ಇವತ್ತು ಮಧ್ಯಾನ ನೀವು ಉಂಡದ್ದೂ ಇದೇ ಕೈದು."

ಕೈಯೆರಡನ್ನೂ ಮುಂದಕ್ಕೆ ಚಾಚಿದಳು. ಅಂಗೈ ತುಂಬ ಜಡ್ಡು. ಆವಿ ಬಡಿದು ಮಣಿಕಟ್ಟಿನವರೆಗೂ ಬೆಂದ ಕಲೆ.

ದೊರೆಸ್ವಾಮಿ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡರು. ಒಂದು ಸಲ ಒರೆಸಿ, ಇನ್ನೊಂದು ಸಲ ಒರೆಸಿದರು. ನಿಂಗರಾಜು ಎದ್ದು, ಯಾರಿಗೂ ಏನೂ ಹೇಳದೆ ಹೊರಗೆ ಹೋದರು. ಕಿಟಕಿಯ ಆಚೆ ಕೊಳಾಯಿ ಇತ್ತು. ಅವರು ಬಗ್ಗಿ ಬಾಯಿ ಮುಕ್ಕಳಿಸುವುದು ಎಲ್ಲರಿಗೂ ಕಾಣಿಸಿತು. ಮುಕ್ಕಳಿಸಿ ಉಗಿದರು. ಮತ್ತೆ ಬೊಗಸೆ ಒಡ್ಡಿದರು.

ಅರ್ಪಿತ ಕಿಟಕಿಯತ್ತಲೇ ನೋಡುತ್ತಿದ್ದಳು. ಚಿಕ್ಕಬೋರಮ್ಮ ಅವಳನ್ನು ನೋಡುತ್ತಿದ್ದಳು. ಆ ಹೊತ್ತಿನಲ್ಲಿ ಮೊದಲ ಸಲ ಅವಳಿಗೆ ಆ ಹುಡುಗಿಯ ಯಾವುದೂ ತನಗೆ ಬೇಕು ಅನ್ನಿಸಲಿಲ್ಲ.

ದೊರೆಸ್ವಾಮಿ ಗಂಟಲು ಸರಿ ಮಾಡಿಕೊಂಡರು. "ಬಾಯಿ ಮಾತು ದಾಖಲೆ ಆಗೋದಿಲ್ಲ. ಸೈನು ಮಾಡಿದ ಕಾಗದ ನಮ್ಮ ಹತ್ರ ಇದೆ. ಈ ಹುಡುಗಿ ಹೇಳಿಕೊಟ್ಟು ನಿನ್ನ ಬಾಯಲ್ಲಿ ಹೇಳಿಸಿದಾಳೆ, ಅದು ಗೊತ್ತಾಗುತ್ತೆ. ವಿನಯ್, ಸಾಕ್ಷಿ ಮಾತು ಬದಲಿಸಿದರು ಅಂತಲೂ ಬರೀಬೇಡ. ಬೋರಮ್ಮ, ನಾಳೆಯಿಂದ ಬರೋದು ಬೇಡ."

ಹಾಲ್ ಟಿಕೆಟ್ ವಿಚಾರ ವಿಶ್ವವಿದ್ಯಾನಿಲಯಕ್ಕೆ ಕಳಿಸುತ್ತೇವೆ, ಅವರ ತೀರ್ಮಾನ, ಅಂದರು. ಕಳಿಸುವುದು ತನ್ನ ಸೈನು ಇರುವ ಆ ಕಾಗದವನ್ನೇ ಅಂತ ಚಿಕ್ಕಬೋರಮ್ಮನಿಗೆ ತಿಳಿಯಿತು.

ಹಿತ್ತಲಿಗೆ ಬಂದು ಗೂಡಿನಿಂದ ತಟ್ಟೆ ಲೋಟ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಧರ್ಮೇಂದ್ರ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಎಡಗೈಯಿಂದ ಬಲಹೆಗಲು ಒತ್ತಿಕೊಳ್ಳುತ್ತಿದ್ದ.

"ನಾಳೆ ಹಿಟ್ಟು ಏನ್ ಮಾಡದು ಬೋರಮ್ಮ?"

"ನಿನ್ನ ಕೈಗುಣ ಐತಲ್ಲಪ್ಪ. ತೊಳಸು."

ಮನೆಗೆ ಹೋಗಿ ಟ್ರಂಕು ತೆಗೆದಳು. ಸೀರೆಯ ಮಡಿಕೆಯಲ್ಲಿ ಕಾಗದ ಹಾಗೇ ಇತ್ತು. ಮಡಿಚಿದ ಗೆರೆಗಳಲ್ಲಿ ಹಳದಿಯಾಗಿತ್ತು. ಮೇಲೆ ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ಅಂತ ಇತ್ತು. ಕಾಲೇಜಿನ ಮೇಲೆ ಯಾರಿದ್ದಾರೆ ಮೇಷ್ಟ್ರೇ ಅಂತ ಅವಳು ಕೇಳಿದ್ದಕ್ಕೆ ಸಿದ್ದರಾಜು ಬರೆಸಿದ್ದು. ಬೆರಳಿಟ್ಟು ಓದಿದಳು.

ಮಾನ್ಯರೆ, ನನ್ನ ಹೆಸರು ಚಿಕ್ಕಬೋರಮ್ಮ. ಹಾಸ್ಟ್ಲಿನಲ್ಲಿ ಹಿಟ್ಟು ತೊಳಸುತ್ತೇನೆ. ನನ್ನ ತಟ್ಟೆಯನ್ನು ಹೊರಗೆ ಗೂಡಿನಲ್ಲಿ ಇಡಿಸಿದ್ದಾರೆ. ನಾನು ಇಟ್ಟಿದ್ದಲ್ಲ. ನನ್ನ ತಟ್ಟೆ ಒಳಗೆ ಇಡಿಸಿಕೊಡಬೇಕಾಗಿ ಕೇಳುತ್ತೇನೆ.

ಕೆಳಗೆ ಕೆಂಪು ಪೆನ್ನಿನಲ್ಲಿ ತಾರೀಖು. ಆರು ವರ್ಷದ ಹಿಂದಿನದು. ಆಗ ಅರ್ಪಿತ ದೇವಲಾಪುರದಲ್ಲಿ ಹೈಸ್ಕೂಲು ಓದುತ್ತಿದ್ದಿರಬೇಕು. ಅವಳು ಹೇಳಿಕೊಟ್ಟಳು ಅಂತ ಇದನ್ನು ಯಾರೂ ಅನ್ನುವ ಹಾಗಿಲ್ಲ.

ಇದೊಂದು ಕಾಗದ ಆ ಹುಡುಗಿಯನ್ನು ಪರೀಕ್ಷೆಗೆ ಕೂರಿಸಬಹುದು. ಅದು ತನ್ನದು. ಆರು ವರ್ಷ ಜೋಪಾನ ಮಾಡಿದ್ದು. ಕೊಡಲು ಈಗಲೂ ಜೀವ ಹಿಂದೆ ಮುಂದೆ ನೋಡುತ್ತಿತ್ತು. ಕಡೆಗೆ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯಿಂದ ಪೆನ್ನು ತರಿಸಿ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಬರೆಯತೊಡಗಿದಳು. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಸೋಮವಾರ ಬೆಳಿಗ್ಗೆ ಪಾಂಡವಪುರದ ಅಂಚೆ ಕಚೇರಿಯ ಮುಂದೆ ಬಸ್ಸಿಳಿದಾಗ ಅರ್ಪಿತ ಅಲ್ಲಿ ನಿಂತಿದ್ದಳು. ಭಾನುವಾರ ಸಂಜೆ ಕೇರಿಗೆ ನೋಡಲು ಬಂದಿದ್ದ ತನುಶ್ರೀಯಿಂದ ಕಾಗದದ ಸುದ್ದಿ ಹೋಗಿತ್ತು.

"ಅಜ್ಜಿ, ನಾನು ಊರಿಗೆ ಹೋಗಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಿದ್ದೀನಿ. ಲೆಟರ್ ಕೊಡು, ಫೋಟೋ ತೆಗೆದು ಹಾಕ್ತೀನಿ. ಸಂಜೆ ಒಳಗೆ ಲಕ್ಷ ಜನ ನೋಡ್ತಾರೆ. ಈ ಸಲ ನಿನ್ನ ಹೆಸರು ಹಾಕ್ತೀನಿ."

"ಬ್ಯಾಡ."

"ಯಾಕೆ?"

"ಇದು ನಂದು ಕಣವ್ವ. ನೀನು ಹಾಕಿದ್ರೆ ಮತ್ತೆ ನಿಂದಾಯ್ತದೆ. ಮೊದ್ಲು ನಾನು ಕಳುಸ್ತೀನಿ."

ಹುಡುಗಿ ಫೋನು ಚೀಲಕ್ಕೆ ಹಾಕಿದಳು.

ಸ್ಪೀಡ್ ಪೋಸ್ಟಿನ ಕೌಂಟರಿನಲ್ಲಿ ಏಳೆಂಟು ಜನರ ಸಾಲು. ತನ್ನ ಸರದಿ ಬಂದಾಗ ಕೌಂಟರಿನ ಹೆಂಗಸು ಲಕೋಟೆ ತಿರುಗಿಸಿ ನೋಡಿ, "ಯಾರಿಂದ ಅಂತ ಬರೆದಿಲ್ಲ. ಬರೆದು ಕೊಡಿ," ಅಂದಳು.

"ಕೊಡಜ್ಜಿ, ನಾನ್ ಬರ್ದ್‌ಬುಡ್ತೀನಿ, ಬೇಗ ಆಯ್ತದೆ," ಅಂತ ಅರ್ಪಿತ ಕೈ ಚಾಚಿದಳು.

"ಸುಮ್ನಿರು ಕೂಸೆ."

ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಚಿಕ್ಕಬೋರಮ್ಮ ಕಾಗದವನ್ನು ಹೊರಗೆ ತೆಗೆದು ಕಟ್ಟೆಯ ಮೇಲೆ ಹರಡಿದಳು. ಆಫೀಸಿನಲ್ಲಿ ಓದದೆ ಸೈನು ಹಾಕಿದ ಕೈ ಅದು. ಈ ಸಲ ಬೆರಳನ್ನು ಮೊದಲ ಅಕ್ಷರದ ಕೆಳಗೆ ಇಟ್ಟಳು. ತುಟಿ ಅಲ್ಲಾಡಿತು. ಹಳೆಯದನ್ನು ಓದಿ, ಹೊಸದಕ್ಕೆ ಬಂದಳು.

ಈ ಕಾಗದ ಆರು ವರ್ಷ ನನ್ನ ಟ್ರಂಕಿನಲ್ಲಿತ್ತು. ಹೆದರಿ ಕಳಿಸಲಿಲ್ಲ. ಕಾಲೇಜಿನವರು ಕಳಿಸಿರುವ ಕಾಗದಕ್ಕೆ ಓದದೆ ಸೈನು ಹಾಕಿದೆ. ಅದು ಸುಳ್ಳು. ಅರ್ಪಿತ ಹೇಳಿದ್ದು ನಿಜ. ನಿಜ ಹೇಳಿದ್ದಕ್ಕೆ ಅವಳ ಪರೀಕ್ಷೆ ತಪ್ಪಿಸಬೇಡಿ. ಆದರೆ ಅವಳು ನನ್ನನ್ನು ಕೇಳಲಿಲ್ಲ. ನನ್ನ ಹೆಸರು ಹೇಳಲಿಲ್ಲ. ಅದಕ್ಕೆ ನಾನೇ ಹೇಳುತ್ತಿದ್ದೇನೆ.

"ಬೇಗ ಆಗ್ಲಮ್ಮ, ಬಸ್ಸು ಹೋಯ್ತದೆ," ಅಂದರು ಸಾಲಿನಲ್ಲಿ ಯಾರೋ.

"ಹೋಗ್ಲಿ ಬುಡಪ್ಪ. ಇನ್ನೊಂದು ಬತ್ತದೆ," ಅಂದಳು ತಲೆ ಎತ್ತದೆ.

ಪೂರ್ತಿ ಓದಿದ ಮೇಲೆ ಮಡಿಚಿ ಲಕೋಟೆಗೆ ಹಾಕಿ ಅಂಟಿಸಿದಳು. ತಿರುಗಿಸಿ, ಎಡಗಡೆ ಕೆಳಗೆ, ಒಂದೊಂದೇ ಅಕ್ಷರ ಕೂರಿಸಿ ಬರೆದಳು. ಚಿಕ್ಕಬೋರಮ್ಮ, ಕೇರಿ ಬೀದಿ, ಚಿನಕುರಳಿ. ಮ-ದ ಒತ್ತಿಗೆ ಬಾಲ ಎಳೆದಳು. ಆಮೇಲೆ ಅರ್ಪಿತಳ ಕಡೆ ನೋಡಿದಳು.

"ಈಗ ತಕ್ಕೊ ಪೋಟ. ಒಳಗಿರದು ಅವರ್ಗೆ. ಈಚೆ ಇರದು ನಿಂಗೆ."

ಅರ್ಪಿತ ಫೋನು ತೆಗೆದಳು. ಚಿಕ್ಕಬೋರಮ್ಮ ಹೆಸರಿನ ಮೇಲಿಂದ ಬೆರಳು ತೆಗೆದಳು. ಹುಡುಗಿ ಒಂದು ಚಿತ್ರ ತೆಗೆದು, ಹಿಂದಕ್ಕೆ ಸರಿದು ನಿಂತಳು.

ಕೌಂಟರಿನ ಹೆಂಗಸು ತೂಕ ಮಾಡಿ, ಚೀಟಿ ಅಂಟಿಸಿ, ಸೀಲು ಎತ್ತಿ ಹೊಡೆದಳು. ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದಳು. ಅದು ಬಿದ್ದ ಸದ್ದು ಕೇಳುವವರೆಗೂ ಚಿಕ್ಕಬೋರಮ್ಮ ಕಟ್ಟೆಯಿಂದ ಕೈ ತೆಗೆಯಲಿಲ್ಲ.